ಬಾಲದ ಮೇಲಿನ ಮೂರು ಗೆರೆ

ಡಬ್ಬಿ ಖಾಲಿಯಾಗಿದೆ ಎಂದು ಅಕ್ಕ ಬೆಳಗ್ಗೆ ಫೋನು ಮಾಡಿದಾಗ ಅವನು ಕನ್ನಡಿಯ ಮುಂದೆ ದೊಡ್ಡಮೇಷ್ಟ್ರಾಗಿ ನಿಂತಿದ್ದ. ಅರ್ಧ ಗಡ್ಡ ಹೆರೆದಾಗಿತ್ತು, ಇನ್ನರ್ಧಕ್ಕೆ ನೊರೆ ಹತ್ತಿತ್ತು. ಗಲ್ಲವನ್ನು ಎದೆಗೆ ಒತ್ತಿ, ಮೂಗಿನ ತುದಿಗೆ ಜಾರಿದ ಇಲ್ಲದ ಕನ್ನಡಕದ ಮೇಲಿಂದ ನೋಡುತ್ತ, 'ಗಿಡ ಸುಳ್ಳು ಹೇಳುವುದಿಲ್ಲ. ಹೌದೋ ಅಲ್ಲವೋ? ಹೌದು!' ಎಂದು ಪ್ರಶ್ನೆ ಕೇಳಿ, ಯಾರೂ ಬಾಯಿ ತೆರೆಯುವ ಮೊದಲೇ ಉತ್ತರದಿಂದ ಗುದ್ದುವ ಆ ವರಸೆಯನ್ನು ಮೂರನೇ ಸಲ ತಿದ್ದುತ್ತಿದ್ದ. ಮಧ್ಯಾಹ್ನ ವಿಶ್ವವಿದ್ಯಾಲಯದ ಅವನ ವಿಭಾಗದಲ್ಲಿ, ಅದರ ಮುಖ್ಯಸ್ಥರಾದ ದೊಡ್ಡಮೇಷ್ಟ್ರಿಗೆ ಸನ್ಮಾನ. 'ರೇಡಿಯೋ, ನಿಂದೊಂದು ಐದು ನಿಮಿಷ ಇರಲಿ' ಎಂದು ಜೊತೆಯವರು ಹೇಳಿದ್ದರು. ರೇಡಿಯೋ ಎಂದರೆ ಅವನೇ. ಪ್ರಯೋಗಾಲಯದಲ್ಲಿ ಇಲಿಗಳಿಗೆ ಔಷಧ ಕುಡಿಸಿ, ಗೂಡು ತೊಳೆದು, ತೂಕ ಬರೆದಿಡುವ ಸಹಾಯಕನಿಗೆ ಹದಿನಾಲ್ಕು ವರ್ಷದಲ್ಲಿ ಸಿಕ್ಕ ಬಡ್ತಿ ಆ ಹೆಸರೊಂದೇ.

"ಯಾರು ಮಾತಾಡುವುದು?" ಎಂದು ಅದೇ ದನಿಯಲ್ಲಿ ಫೋನಿಗೆ ಗದರಿದ.

"ನಮಸ್ಕಾರ ಮೇಷ್ಟ್ರೇ, ನಮ್ಮ ತಮ್ಮ ಇದ್ರೆ ಸ್ವಲ್ಪ ಕೊಡಿ." ಅಕ್ಕ ನಗು ನುಂಗಿಕೊಂಡು ಮಾತಾಡುತ್ತಿದ್ದಳು. "ಇಲ್ದಿದ್ರೆ ನೀವೇ ಹೇಳ್ಬಿಡಿ. ದಾಳಿಂಬೆ ಸಿಪ್ಪೆ ಪುಡಿ ಮುಗಿದಿದೆ, ಸಂಜೆ ಬರ್ತಾ ತರಬೇಕು."

"ತರುತ್ತಾನೆ. ಹೌದೋ ಅಲ್ಲವೋ? ಹೌದು!"

"ಈ ಸಲ ಜಾಸ್ತಿ ಇರ್ಲಿ. ದಿನಕ್ಕೆರಡು ಚಮಚ ಮಾಡ್ಕೊಂಡಿದ್ದೀನಿ. ಶುಗರ್ ಮಾತ್ರೆ ಬಿಟ್ಮೇಲೆ ಒಂದೇ ಚಮಚ ಸಾಲುತ್ತಾ?"

ನೊರೆ ಒಣಗುತ್ತಿದ್ದ ಕೆನ್ನೆ ಬಿಗಿಯಿತು. "ಮಾತ್ರೆ ಬಿಟ್ಯಾ? ಯಾವಾಗ?"

"ಆಗ್ಲೇ ಒಂದೂವರೆ ತಿಂಗಳಾಯ್ತಲ್ಲೋ. ಪೇಪರಲ್ಲಿ ಈ ಪುಡಿ ಸುದ್ದಿ, ನಿನ್ನ ಫೋಟೋ ಬಂತಲ್ಲ, ಆವತ್ತಿಂದ. ಮನೇಲೇ ಮದ್ದು ಇಟ್ಕೊಂಡು ಊರೆಲ್ಲ ಅಲೀತಾರಾ ಯಾರಾದ್ರೂ? ಕಾಲ್ಬೆರಳಲ್ಲಿ ಒಂದು ಸಣ್ಣ ಗಾಯ ಆಗಿದೆ ನೋಡು, ಚಪ್ಪಲಿ ಕಚ್ಚಿದ್ದು. ಎರಡು ವಾರ ಆಯ್ತು. ಅದ್ರಲ್ಲೂ ಏನು ಆಶ್ಚರ್ಯ ಅಂದ್ರೆ, ಒಂಚೂರೂ ನೋವಿಲ್ಲ. ನಿನ್ನ ಪುಡಿ ಮಹಿಮೆನೇ ಇರ್ಬೇಕು."

ಆಗಲೇ ಹೇಳಬೇಕಿತ್ತು. ನೋವಿಲ್ಲದಿರುವುದು ಮಹಿಮೆಯಲ್ಲ, ಸಕ್ಕರೆ ನರಗಳನ್ನು ತಿಂದ ಮೇಲೆ ಉಳಿಯುವ ಮೌನ ಎಂದು ಅವನಿಗೆ ಗೊತ್ತಿತ್ತು. ಇಲಿಗಳ ಕಾಲನ್ನು ಬಿಸಿ ತಟ್ಟೆಯ ಮೇಲಿಟ್ಟು, ಎಷ್ಟು ಕ್ಷಣಕ್ಕೆ ಎತ್ತುತ್ತವೆ ಎಂದು ಗಡಿಯಾರ ಹಿಡಿದು ಬರೆದವನು ಅವನೇ. ಆದರೆ ಬಾಯಲ್ಲಿ ಇನ್ನೂ ದೊಡ್ಡಮೇಷ್ಟ್ರು ಕೂತಿದ್ದರು; ಅವರನ್ನು ಎಬ್ಬಿಸಿ ಕಳಿಸಿ ತಾನು ಕೂರುವಷ್ಟರಲ್ಲಿ ಅಕ್ಕ, ಹೊಲಿಯಲು ಬಟ್ಟೆ ಕೊಟ್ಟವರು ಬಂದರು ಎಂದು ಫೋನು ಇಟ್ಟಿದ್ದಳು. ಉಳಿದರ್ಧ ಗಡ್ಡ ಹೆರೆಯುವಾಗ ಕಿವಿಯ ಕೆಳಗೆ ಗಾಯವಾಯಿತು. ಉರಿಯಿತು. ಉರಿಯುತ್ತದಲ್ಲ ಎಂದು ಒಂದು ಕ್ಷಣ ಸಮಾಧಾನವಾಗಿ, ಆ ಸಮಾಧಾನಕ್ಕೆ ನಾಚಿಕೆಯಾಯಿತು.

ಪ್ರಯೋಗಾಲಯಕ್ಕೆ ಹೋಗುವ ದಾರಿಯಲ್ಲಿ ಹಣ್ಣಿನ ರಸದ ಅಂಗಡಿಯವನು ಎಂದಿನಂತೆ ಒಂದು ಚೀಲ ಸಿಪ್ಪೆ ಎತ್ತಿಟ್ಟಿದ್ದ. 'ಎಲ್ಲರೂ ಹಣ್ಣು ತಿಂದು ಸಿಪ್ಪೆ ಬಿಸಾಕ್ತಾರೆ, ನೀವೊಬ್ಬರೇ ಸಿಪ್ಪೆ ಒಯ್ದು ಹಣ್ಣು ಬಿಡೋರು' ಎಂದು ಅವನು ದಿನವೂ ಹೇಳುವ ಮಾತಿಗೆ ದಿನವೂ ನಗುವಷ್ಟು ನಕ್ಕು ಚೀಲ ಹಿಡಿದ. ಹಸಿ ಸಿಪ್ಪೆಯ ಒಂದು ಚೂರು ಮುರಿದು ಬಾಯಿಗೆ ಹಾಕಿಕೊಂಡರೆ ನಾಲಿಗೆ ಬಟ್ಟೆಯಂತಾಗುತ್ತದೆ, ಕೆನ್ನೆಗಳು ಒಳಗಿನಿಂದ ಒಂದನ್ನೊಂದು ಹಿಡಿದುಕೊಳ್ಳುತ್ತವೆ. ಆ ಒಗರೇ ಪಾಲಿಫೀನಾಲ್ ಎಂದು ದೊಡ್ಡಮೇಷ್ಟ್ರು ಹೊಸ ವಿದ್ಯಾರ್ಥಿಗಳಿಗೆ ಹೇಳುವುದನ್ನು ಅವನು ಹದಿನಾಲ್ಕು ಸಲ ಕೇಳಿದ್ದ, ನಲವತ್ತು ಸಲ ಅನುಕರಿಸಿದ್ದ. ಗಿಡಕ್ಕೆ ಓಡಲು ಕಾಲಿಲ್ಲ, ಕಚ್ಚಲು ಹಲ್ಲಿಲ್ಲ. ತಿನ್ನಲು ಬಂದವನ ಬಾಯಿ ಕಟ್ಟುವುದಕ್ಕೆ ಒಗರನ್ನು ಇಟ್ಟುಕೊಂಡಿದೆ. ಅದೇ ಒಗರು ಗಾಜಿನ ನಳಿಕೆಯಲ್ಲಿ ಎಷ್ಟೆಲ್ಲ ಮಾಡುತ್ತದೆ! ಜೀವಕೋಶಕ್ಕೆ ತುಕ್ಕು ಹಿಡಿಸುವ ಚೂರುಗಳನ್ನು ಹಿಡಿದು ಕೂರಿಸುತ್ತದೆ, ಉರಿಯೂತವನ್ನು ತಗ್ಗಿಸುತ್ತದೆ, ಪಿಷ್ಟವನ್ನು ಸಕ್ಕರೆ ಮಾಡುವ ಕಿಣ್ವದ ಕೈ ಹಿಡಿದು ನಿಧಾನಿಸು ಎನ್ನುತ್ತದೆ. ಆದರೆ ಹೊಟ್ಟೆ ನಳಿಕೆಯಲ್ಲ. ನುಂಗಿದ್ದರಲ್ಲಿ ರಕ್ತಕ್ಕೆ ದಾಟುವುದು ಚೂರೇ ಚೂರು. ಮಿಕ್ಕದ್ದನ್ನು ಕರುಳಿನ ಸೂಕ್ಷ್ಮಜೀವಿಗಳು ಒಡೆದು ಬೇರೇನೋ ಮಾಡುತ್ತವೆ, ಅದೂ ಒಬ್ಬೊಬ್ಬರ ಕರುಳಲ್ಲಿ ಒಂದೊಂದು ಥರ. ಅದಕ್ಕೇ ಇಲಿ ಬೇಕು, ಎನ್ನುತ್ತಿದ್ದರು ದೊಡ್ಡಮೇಷ್ಟ್ರು. ಅದಕ್ಕೇ ನೀವು ಬೇಕು, ಎಂದು ಅವನ ಕಡೆ ಕೈ ತೋರಿಸುತ್ತಿದ್ದರು. ವಿದ್ಯಾರ್ಥಿಗಳು ಇಲಿಯಿಂದ ಅವನಿಗೂ ಅವನಿಂದ ಇಲಿಗೂ ನೋಡಿ ನಗುತ್ತಿದ್ದರು, ಅವನೂ ನಗುತ್ತಿದ್ದ.

ಇಲಿಗಳ ಕೋಣೆಯಲ್ಲಿ ಈಗ ಬೇರೆ ಇಲಿಗಳು. ಆ ಇಪ್ಪತ್ನಾಲ್ಕು ಕಳೆದ ವರ್ಷವೇ ಮುಗಿದುಹೋದವು. ಪ್ರಯೋಗ ಮುಗಿದರೆ ಇಲಿಯೂ ಮುಗಿದ ಹಾಗೆ, ಯಕೃತ್ತು ಬಾಟಲಿಗೆ, ಉಳಿದದ್ದು ಹಳದಿ ಚೀಲಕ್ಕೆ. ಎಂಟು ಗೂಡು, ಗೂಡಿಗೆ ಮೂರು. ಮೂರಕ್ಕೂ ಸೂಜಿಯಿಂದ ಸಕ್ಕರೆ ಕಾಯಿಲೆ ಬರಿಸಿದ್ದು. ಬಾಲಕ್ಕೆ ಒಂದು ಗೆರೆ ಇದ್ದದ್ದಕ್ಕೆ ಬರಿ ನೀರು, ಎರಡು ಗೆರೆಗೆ ಸಿಪ್ಪೆಯ ಸಾರ ಕಡಿಮೆ, ಮೂರು ಗೆರೆಗೆ ಹೆಚ್ಚು. ಒಂದೇ ಗೂಡಿನಲ್ಲಿ ಮೂರನ್ನೂ ಕೂಡಿಡಬೇಕೆಂದು ಹೇಳಿದವಳು ಅಂಕಿಯಮ್ಮ. ವಿಭಾಗದ ಲೆಕ್ಕವೆಲ್ಲ ಅವಳದು; ಇಪ್ಪತ್ತೆಂಟರ ಹುಡುಗಿ, ದಶಮಾಂಶ ತಪ್ಪಿದರೆ ಊಟ ಸೇರದವಳು. 'ಒಂದೇ ಗಾಳಿ, ಒಂದೇ ಬೆಳಕು, ಆಗ ವ್ಯತ್ಯಾಸ ಬಂದ್ರೆ ಔಷಧದ್ದೇ' ಎಂದಿದ್ದಳು. ಸರಿಯಾಗಿಯೇ ಹೇಳಿದ್ದಳು. ಆದರೆ ಇಲಿಗಳು ಒಂದರ ಬಾಲ ಒಂದು ನೆಕ್ಕುತ್ತವೆ, ಮಾರ್ಕರಿನ ಮಸಿ ನಾಲ್ಕು ದಿನಕ್ಕೆ ಮಾಸುತ್ತದೆ. ಸೋಮವಾರ, ಗುರುವಾರ ತಪ್ಪದೆ ಗೆರೆಯ ಮೇಲೆ ಗೆರೆ ಎಳೆಯಬೇಕು. ಆ ಗುರುವಾರ ವಾರ್ಷಿಕೋತ್ಸವದ ಅಭ್ಯಾಸ. ಅವನು ಔಷಧ ಕುಡಿಸಿ, ಮಾಸಲು ಗೆರೆಗಳನ್ನು ನೋಡಿ, ನಾಳೆ ಎಳೆದರಾಯಿತು ಎಂದು ಓಡಿದ್ದ. ನಾಳೆ ಕಾರ್ಯಕ್ರಮ. ದೊಡ್ಡಮೇಷ್ಟ್ರು, ಕುಲಸಚಿವರು, ಕಾವಲುಗಾರ, ನಲ್ಲಿಯ ಗೊರಗೊರ, ಎಲ್ಲವನ್ನೂ ಒಂದೇ ಗಂಟಲಲ್ಲಿ ತಂದು ಚಪ್ಪಾಳೆ ಹೊಡೆಸಿಕೊಂಡಿದ್ದ. ಆಮೇಲಿನ ಎರಡು ದಿನ ಔಷಧ ಕುಡಿಸಿದ್ದು ಬದಲಿಗೆ ಬಂದವನು, ಅವನು ಗೆರೆಯ ಗೊಡವೆಗೇ ಹೋಗಿರಲಿಲ್ಲ. ಸೋಮವಾರ ಗೂಡು ತೆಗೆದರೆ ಎಂಟರಲ್ಲಿ ಐದು ಗೂಡುಗಳ ಬಾಲಗಳು ತೊಳೆದಿಟ್ಟ ಹಾಗೆ ಇದ್ದವು. ಹದಿನೈದು ಬಾಲ. ಗುಲಾಬಿ, ಬೆತ್ತಲೆ, ಒಂದರ ಹಾಗೆ ಒಂದು.

ಹೇಳಿದ್ದರೆ ಒಂದು ತಿಂಗಳ ಕೆಲಸ ಹೋಗುತ್ತಿತ್ತು. ಹೋಗಲಿ, ಹೋಗುತ್ತಿದ್ದದ್ದು ಅವರ ಕೆಲಸ ತಾನೆ? ಅವನನ್ನು ಕಟ್ಟಿಹಾಕಿದ್ದು ಅದಲ್ಲ. ದೊಡ್ಡಮೇಷ್ಟ್ರು ಬೈಯುವುದಿಲ್ಲ, ಕನ್ನಡಕ ತೆಗೆದು, ಒರೆಸಿ, 'ಅಂದರೆ ನೀವು ಕುಣಿಯುವುದಕ್ಕೆ ಹೋಗಿದ್ದಿರಿ' ಎನ್ನುತ್ತಾರೆ. ಆ ವಾಕ್ಯ ಅವನಿಗೆ ಅವರದೇ ದನಿಯಲ್ಲಿ, ಒಂದು ಉಸಿರೂ ತಪ್ಪದೆ, ಮೊದಲೇ ಕೇಳಿಸಿಬಿಟ್ಟಿತ್ತು. ಮಾರ್ಕರು ಹಿಡಿದು ನಿಂತ. ಮೂರರಲ್ಲಿ ಒಂದು ದುಂಡಗೆ, ಮೈ ಮಿಂಚುತ್ತ ಓಡಾಡುತ್ತಿತ್ತು. ಇನ್ನೊಂದು ಮೂಲೆಯಲ್ಲಿ ತೇವದ ಹೊಟ್ಟಿನ ಮೇಲೆ ಮುದುಡಿ, ನೀರಿನ ನಳಿಕೆಗೆ ಬಾಯಿ ಹಚ್ಚಿತ್ತು. ಔಷಧ ಕೆಲಸ ಮಾಡುತ್ತಿದ್ದರೆ ಮಿಂಚುವುದೇ ತಾನೆ ಮೂರು ಗೆರೆಯದ್ದು? ಮುದುಡಿದ್ದೇ ತಾನೆ ನೀರಿನದ್ದು? ಅದು ಮೋಸ ಎಂದು ಆಗ ಅನ್ನಿಸಲಿಲ್ಲ, ಜಾಣತನ ಎನ್ನಿಸಿತ್ತು. ಐದು ಗೂಡು, ಹದಿನೈದು ಬಾಲ, ಹತ್ತು ನಿಮಿಷ. ಗೆರೆಗಳು ಹಿಂದೆಂದಿಗಿಂತ ನೇರವಾಗಿ ಬಂದಿದ್ದವು.

ಹಾಗಾಗಿ ಪುಡಿ ಸುಳ್ಳೆಂದು ಅವನು ಹೇಳಲಾರ. ನಿಜವೆಂದೂ ಹೇಳಲಾರ. ನಿಜವಿದ್ದರೂ ಇರಬಹುದು. ಯಾವುದೆಂದು ತಿಳಿಯುವುದಕ್ಕೆ ಇಪ್ಪತ್ನಾಲ್ಕು ಜೀವಗಳು ತೆರೆದಿಟ್ಟಿದ್ದ ಒಂದೇ ಒಂದು ಬಾಗಿಲನ್ನು ಅವನು ಆರಾಣೆ ಮಾರ್ಕರಿನಿಂದ ಮುಚ್ಚಿದ್ದ, ಅಷ್ಟೆ. ಈ 'ಅಷ್ಟೆ'ಯನ್ನು ಒಂದು ವರ್ಷ ಬಾಯೊಳಗೆ ಒಗರಿನ ಹಾಗೆ ಇಟ್ಟುಕೊಂಡಿದ್ದ. ಪೇಪರಿನವರು ಬಂದಾಗ ಹೊಸ ಇಲಿಯೊಂದರ ಬಾಲಕ್ಕೆ ಮೂರು ಗೆರೆ ಎಳೆದು, ದೊಡ್ಡಮೇಷ್ಟ್ರ ಪಕ್ಕದಲ್ಲಿ ಅದನ್ನು ಎತ್ತಿ ಹಿಡಿದು ನಿಂತಿದ್ದ. ಫೋಟೋದಲ್ಲಿ ಅವನ ಒಂದು ಕಿವಿ ಅಂಚಿಗೆ ಕತ್ತರಿಸಿಹೋಗಿತ್ತು. ಮೂರು ಗೆರೆ ಮಾತ್ರ ಸ್ಪಷ್ಟವಾಗಿ ಬಂದಿದ್ದವು.

"ರೇಡಿಯೋ ಅವರೇ, ಒಂದು ನಿಮಿಷ." ಅಂಕಿಯಮ್ಮ ಬಾಗಿಲಲ್ಲಿ ನಿಂತಿದ್ದಳು. ಅವನು ಒಣಗಿದ ಸಿಪ್ಪೆಯನ್ನು ಪುಡಿಮಾಡಿ ಅಕ್ಕನಿಗೆಂದು ಒಂದು ಡಬ್ಬಿಗೆ ತುಂಬುತ್ತಿದ್ದ. ತುಂಬುತ್ತಿದ್ದಾನೆಂದು ಆಗಲೇ ಅವನಿಗೆ ಗೊತ್ತಾದದ್ದು. "ನಾಳೆ ನಮ್ಮ ಸಿಪ್ಪೆ ಸಾರಾನ ಕ್ಯಾಪ್ಸೂಲ್ ಮಾಡಿ ಮಾರೋ ಕಂಪನಿಯೋರು ಒಪ್ಪಂದಕ್ಕೆ ಸಹಿ ಹಾಕ್ತಾರಲ್ಲ, ಹಳೇ ತೂಕದ ಹಾಳೆ ಎಲ್ಲ ಇನ್ನೊಂದ್ಸಲ ನೋಡ್ತಿದ್ದೆ. ನಾಲ್ಕನೇ ವಾರ ಏನಾಗಿತ್ತು? ಗುರುವಾರದ ತನಕ ಮೂರು ಗುಂಪೂ ಕುಂಟ್ತಾ ಇದ್ವು. ಸೋಮವಾರ ಇದ್ದಕ್ಕಿದ್ದಂಗೆ ಮೂರು ಗೆರೆಯವೆಲ್ಲ ಪೈಲ್ವಾನರು. ಭಾನುವಾರ ಗರಡಿಗೆ ಹೋಗಿದ್ವಾ?"

"ದೈವಲೀಲೆ ಮೇಡಂ!" ಎಂದು ಅವನು ಕಾವಲುಗಾರನ ಕೀರಲು ದನಿಯಲ್ಲಿ ಕೈಮುಗಿದ. ಅವಳು ನಕ್ಕಳು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವನಿಗಾದರೂ ಒಂದು ಮರ್ಯಾದೆಯಿದೆ; ಅವನು ಇನ್ನೊಬ್ಬರ ಹೆಗಲು ಮುಟ್ಟಿ ತೋರಿಸುವವನು. ಚಿಕ್ಕಂದಿನಲ್ಲಿ ಅಪ್ಪನ ಗಾಜಿನ ಲೋಟ ಒಡೆದಾಗ, ಬಾಗಿಲ ಹಿಂದೆ ನಿಂತು, 'ನಾನಪ್ಪಾ, ಕೈಜಾರ್ತು' ಎಂದು ಅಕ್ಕನ ದನಿಯಲ್ಲಿ ತಪ್ಪೊಪ್ಪಿಕೊಂಡಿದ್ದ. ಏಟು ಬಿದ್ದದ್ದು ಅಕ್ಕನಿಗೆ. ಅವಳು ಅಳಲಿಲ್ಲ, ಅಲ್ಲ ಎನ್ನಲೂ ಇಲ್ಲ; ಕೆನ್ನೆ ಉಜ್ಜಿಕೊಳ್ಳುತ್ತ ಬಾಗಿಲ ಸಂದಿಯ ಕಡೆ ನೋಡಿದ್ದಳು.

ಸನ್ಮಾನದಲ್ಲಿ ಕಂಪನಿಯವನು ದೊಡ್ಡಮೇಷ್ಟ್ರಿಗೆ ಕೈಗಡಿಯಾರ ತೊಡಿಸಿದ. ಗೋಡೆಯ ಮೇಲೆ ಇಲಿಗಳ ರಕ್ತದ ಸಕ್ಕರೆಯ ಮೂರು ಕಂಬಗಳ ಚಿತ್ರ ಬಿದ್ದಿತ್ತು. ಮೂರು ಗೆರೆಯವುಗಳ ಕಂಬ ಎಲ್ಲಕ್ಕಿಂತ ಕುಳ್ಳಗೆ, ಒಳ್ಳೆಯ ಹುಡುಗನ ಹಾಗೆ ಕೈಕಟ್ಟಿ ನಿಂತಿತ್ತು. 'ಈಗ ನಮ್ಮ ರೇಡಿಯೋ!' ಎಂದರು. ಅವನು ಎದ್ದು ಗಲ್ಲವನ್ನು ಎದೆಗೊತ್ತಿದ ಕೂಡಲೇ ನಗು ಶುರುವಾಯಿತು.

"ಬಂಧುಗಳೇ! ಬೆಟ್ಟ ಅಗೆದು ಇಲಿ ಹಿಡಿದರು ಎಂದು ಜನ ಹಂಗಿಸುತ್ತಾರೆ. ನಾವು ಇಲಿ ಹಿಡಿದು ಬೆಟ್ಟವನ್ನೇ ಎಬ್ಬಿಸಿದೆವು. ಹೌದೋ ಅಲ್ಲವೋ?"

"ಹೌದು!" ಎಂದು ಸಭೆಯೇ ಕೂಗಿತು. ದೊಡ್ಡಮೇಷ್ಟ್ರು ಮೇಜು ಗುದ್ದಿ ನಗುತ್ತಿದ್ದರು.

ಸಿದ್ಧ ಮಾಡಿಕೊಂಡದ್ದು ಅಲ್ಲಿಗೆ ಕಾಫಿಯಂತ್ರದ ಸದ್ದಿಗೆ ತಿರುಗಬೇಕಿತ್ತು. ತಿರುಗಲಿಲ್ಲ. "ಬಾಲದ ಗೆರೆ ಅಳಿಸಿಹೋದರೆ ಏನು ಮಾಡುತ್ತೀರಿ? ಗಾಬರಿ ಬೇಡ! ಯಾವುದು ದುಂಡಗಿದೆಯೋ ಅದಕ್ಕೆ ಮೂರು ಗೆರೆ ಎಳೆಯಿರಿ. ಯಾವುದು ಬಡಕಲೋ ಅದಕ್ಕೆ ಒಂದು. ಆಮೇಲೆ ನೋಡಿ ನನ್ನ ಔಷಧ ಎಂಥ ಕೆಲಸ ಮಾಡುತ್ತದೆ!" ಹೇಳುತ್ತ ಹೇಳುತ್ತ ಅವನ ಎದೆ ಹಗುರಾಗತೊಡಗಿತು. ಎಲ್ಲರ ಮುಂದೆ, ಹಾಡಹಗಲಲ್ಲಿ, ಪೂರ್ತಿ ಸತ್ಯವನ್ನೇ ಹೇಳುತ್ತಿದ್ದ. ಮತ್ತು ಅದು ಅವನದಲ್ಲದ ಬಾಯಿಂದ ಬರುತ್ತಿತ್ತು. ಬಿದ್ದು ಬಿದ್ದು ನಕ್ಕರು. ಕಂಪನಿಯವನು ಕೆಮ್ಮುವಷ್ಟು ನಕ್ಕ. ದೊಡ್ಡಮೇಷ್ಟ್ರು ಕನ್ನಡಕ ತೆಗೆದು ಕಣ್ಣೊರೆಸಿಕೊಂಡು, "ಭಾರಿ ಬಾಲ ಬಿಚ್ತೀರಿ ಮಾರಾಯರೇ," ಎಂದರು. ಆ ಕನ್ನಡಕ ತೆಗೆದದ್ದನ್ನು ನೋಡಿದ ಕೂಡಲೇ ಅವನು ಕಾಫಿಯಂತ್ರದ ಸದ್ದನ್ನು ಬಿಟ್ಟು, ಕೈಮುಗಿದು ಕೂತುಬಿಟ್ಟ. ಹಿಂದಿನ ಸಾಲಿನಲ್ಲಿ ಒಬ್ಬಳು ನಗುತ್ತಿರಲಿಲ್ಲ.

ಅಂಕಿಯಮ್ಮ ಅವನನ್ನು ಹಿಡಿದದ್ದು ಕೈತೊಳೆಯುವ ಜಾಗದಲ್ಲಿ. "ನಾಲ್ಕನೇ ಸೋಮವಾರ," ಎಂದಳು. "ಎಷ್ಟು ಗೂಡು?"

"ಹೌದೋ ಅಲ್ಲವೋ..."

"ಆ ದನಿ ಬೇಡ."

ಅವನು ನಲ್ಲಿ ತಿರುಗಿಸಿದ. ಬೆರಳು ಐದು ತೋರಿಸಿತು, ಒದ್ದೆಯಾಗಿ, ಯಾರದೋ ಕೈಯ ಹಾಗೆ.

"ಆ ಹಾಳೆಗಳ ಮೇಲೆ ನನ್ನ ಹೆಸರೂ ಇದೆ," ಎಂದಳು ಅವಳು. ಅಲ್ಲಿ ಅವಳ ಹೆಸರೂ ಇದೆ ಎಂಬುದು ಈ ವರ್ಷವೆಲ್ಲ ಅವನ ತಲೆಗೇ ಬಂದಿರಲಿಲ್ಲ. "ನಾಳೆ ಹತ್ತು ಗಂಟೆಗೆ ಸಹಿ. ಅದಕ್ಕಿಂತ ಮುಂಚೆ ನೀವೇ ಹೋಗಿ ಹೇಳಿ. ನಾನು ಹೇಳಿದ್ರೆ ದೂರು ಆಗುತ್ತೆ. ಆದ್ರೆ ನೀವು ಹೇಳ್ದೇ ಇದ್ರೆ ಹೇಳೇ ಹೇಳ್ತೀನಿ."

ಅಕ್ಕನ ಮನೆ ಮೂರನೇ ಮಹಡಿಯಲ್ಲಿ ಒಂದೇ ಕೋಣೆ, ಕಿಟಕಿಗೆ ಒತ್ತಿ ಹೊಲಿಗೆಯಂತ್ರ. ಮೆಟ್ಟಿಲು ಹತ್ತುವಾಗಲೇ ಅದರ ಸದ್ದು ಕೇಳುತ್ತಿತ್ತು, ಆದರೆ ಎಂದಿನ ಹಾಗಲ್ಲ. ನಾಲ್ಕು ಹೊಲಿಗೆ ಓಡಿ ನಿಲ್ಲುವುದು, ಮತ್ತೆ ನಾಲ್ಕು ಓಡಿ ನಿಲ್ಲುವುದು. ಒಳಗೆ ಹೋಗಿ ನೋಡಿದರೆ, ಅವಳು ಪ್ರತಿ ಸಲವೂ ಬಗ್ಗಿ ಕಾಲು ಪೆಡಲಿನ ಮೇಲಿದೆಯೋ ಇಲ್ಲವೋ ಎಂದು ನೋಡಿಕೊಳ್ಳುತ್ತಿದ್ದಳು. ಬೀರುವಿನ ಬಾಗಿಲಿಗೆ ಅಂಟಿಸಿದ ಪೇಪರಿನ ತುಂಡಿನಲ್ಲಿ ಒಂದು ಕಿವಿಯ ಅವನು ಹಲ್ಲು ಬಿಡುತ್ತಿದ್ದ.

"ಬಂದ್ರಾ ವಿಜ್ಞಾನಿಗಳು? ಡಬ್ಬಿ ತಂದ್ಯಾ? ಕೆಳಗಿನ ಮನೆ ಅಜ್ಜಿಗೂ ಕೊಡ್ತೀನಿ ಅಂದಿದ್ದೀನಿ. ನಮ್ಮ ತಮ್ಮಂದೇ ಮದ್ದು ಅಂದ್ರೆ ಬಾಯ್ಬಾಯ್ ಬಿಡ್ತಾರೆ."

"ಮೊದ್ಲು ಕಾಲು ತೋರ್ಸು."

"ಏ, ಕಾಲು ಗೀಲು ಯಾಕೆ..."

ಅವನು ಆಗಲೇ ನೆಲದ ಮೇಲೆ ಕೂತು ಅವಳ ಪಾದವನ್ನು ತೊಡೆಯ ಮೇಲೆ ಎತ್ತಿಕೊಂಡಿದ್ದ. ಬಟ್ಟೆಯ ತುಂಡು ಬಿಚ್ಚಿದ. ಕಿರುಬೆರಳ ಪಕ್ಕ ಗಾಯದ ಅಂಚು ಬೂದಿಬಣ್ಣಕ್ಕೆ ತಿರುಗಿತ್ತು, ವಾಸನೆಯಿತ್ತು. ಇಲಿಗಳ ಕೋಣೆಯಲ್ಲಿ ಮುದುಡಿ ಕೂತದ್ದರ ಹತ್ತಿರ ಬರುತ್ತಿದ್ದ ವಾಸನೆ. ಅವನು ಪಕ್ಕದ ಬೆರಳನ್ನು ಮೆಲ್ಲಗೆ ಚಿವುಟಿದ. ಅವಳು ಯಾವುದೋ ಗಿರಾಕಿಯ ತೋಳಿನ ಅಳತೆಯ ಬಗ್ಗೆ ಹೇಳುತ್ತಲೇ ಇದ್ದಳು. ಜೋರಾಗಿ ಚಿವುಟಿದ. ಉಗುರಿನ ಗುರುತು ಮೂಡಿತು. ಅವಳು ಹೇಳುತ್ತಲೇ ಇದ್ದಳು.

"ಅಕ್ಕಾ," ಎಂದ. "ಯಾವ ಇಲಿ ಯಾವ್ದು ಅಂತ ನಂಗೆ ಗೊತ್ತಿರ್ಲಿಲ್ಲ."

ಅವಳು ಮಾತು ನಿಲ್ಲಿಸಿ, ತಲೆ ವಾಲಿಸಿ, ಹೊಸ ಆಟ ಸಿಕ್ಕವಳಂತೆ ಕಿವಿಗೊಟ್ಟಳು. "ಇದ್ಯಾರ ದನಿಯೋ? ಹೊಸದು. ಯಾರೋ ಸಿಕ್ಕಿಬಿದ್ದ ಕಳ್ಳನ ಥರ ಇದೆ. ಎಲ್ಲಿ, ಇನ್ನೊಂದ್ಸಲ ಹೇಳು."

"ಇದು ನಂದೇ ಅಕ್ಕ."

ಅವಳ ನಗು ಮುಖದ ಮೇಲೆ ಸ್ವಲ್ಪ ಹೊತ್ತು, ಯಜಮಾನರಿಲ್ಲದ ಮನೆಯಲ್ಲಿ ಕೂತ ನೆಂಟನ ಹಾಗೆ, ಸುಮ್ಮನೆ ಉಳಿಯಿತು. ಅವನು ಎಲ್ಲವನ್ನೂ ಹೇಳಿದ. ಗುರುವಾರ, ಚಪ್ಪಾಳೆ, ಹದಿನೈದು ಬಾಲ. ದನಿ ಎಲ್ಲೆಲ್ಲೋ ಒಡೆಯಿತು, ಬೇಡದ ಕಡೆ ಏರಿತು; ಅದನ್ನು ಎಲ್ಲಿ ಹಿಡಿದು ನಿಲ್ಲಿಸಬೇಕೆಂದೇ ಅವನಿಗೆ ಅಭ್ಯಾಸವಿರಲಿಲ್ಲ. ಹೇಳಿ ಮುಗಿಸಿದ ಮೇಲೆ, ಪುಡಿ ಒಳ್ಳೆಯದಿದ್ದರೂ ಇರಬಹುದು ಎಂದು ಸೇರಿಸಿದ. ಸೇರಿಸಿದ್ದಕ್ಕೆ ನಾಲಿಗೆ ಕಚ್ಚಿಕೊಂಡ.

"ಪೇಪರಿನೋರಿಗೆ ಗೊತ್ತಾ?" ಎಂದಳು.

"ಇಲ್ಲ."

"ನಿಮ್ಮ ಮೇಷ್ಟ್ರಿಗೆ?"

"ಇಲ್ಲ."

"ನಂಗೆ ಹುಣ್ಣಾಗದೇ ಇದ್ದಿದ್ರೆ ನಂಗೂ ಗೊತ್ತಾಗ್ತಿರ್ಲಿಲ್ಲ."

ಅವಳು ಪಾದ ಎಳೆದುಕೊಳ್ಳುತ್ತಾಳೆಂದು ಅವನು ಕಾದ, ಎಳೆದುಕೊಳ್ಳಲಿ ಎಂದು ಬೇಡಿಕೊಂಡ. ಅವಳು ಎಳೆದುಕೊಳ್ಳಲಿಲ್ಲ. ಕಿಟಕಿಯ ಬೆಳಕು ಇಳಿಯುತ್ತ ಬಂದು, ಬೀರುವಿನ ಮೇಲಿನ ಫೋಟೋ ಬರಿ ಬಿಳಿ ಚೌಕವಾಯಿತು.

"ಆ ಲೋಟ ಒಡೆದಾಗ್ಲೂ ನಂಗೆ ಗೊತ್ತಿತ್ತು," ಎಂದಳು ಅಕ್ಕ. "ನನ್ನ ದನಿ ನಂಗೆ ಗೊತ್ತಾಗಲ್ವಾ? ದೊಡ್ಡೋನಾದ್ಮೇಲೆ ಯಾವತ್ತಾದ್ರೂ ಹೇಳ್ತಾನೆ ಅಂದ್ಕೊಂಡಿದ್ದೆ." ಆಮೇಲೆ ಗಿರಾಕಿಗೆ ಅಳತೆ ಹೇಳುವ ದನಿಯಲ್ಲಿ, "ಆಸ್ಪತ್ರೆ ಎಷ್ಟೊತ್ತಿಗೆ ತೆಗೀತಾರೆ?" ಎಂದಳು.

"ಈಗ್ಲೇ ಹೋಗೋಣ. ತುರ್ತು ವಿಭಾಗ ತೆಗ್ದೇ ಇರುತ್ತೆ. ತಡ ಮಾಡೋ ಹಾಗಿಲ್ಲ ಇದು."

"ಹೋಗೋಣ. ಮಾತ್ರೆ ಚೀಟಿ ಆ ದಬ್ಬಣದ ಪೆಟ್ಟಿಗೇಲಿದೆ, ತಗೋ. ಅಜ್ಜಿ ಮನೆ ಬಾಗ್ಲು ತಟ್ಟಿ ಆ ಪುಡಿ ಬೇಡ ಅಂತ ನೀನೇ ಹೇಳು. ಬೆಳಗ್ಗೆ ಮೇಷ್ಟ್ರಿಗೆ ಹೇಳು. ಈಗ ಹೇಳಿದ್ಯಲ್ಲ, ಇದೇ ದನೀಲಿ. ಚೆನ್ನಾಗಿಲ್ಲ, ಆದ್ರೂ ಇದೇ ಇರ್ಲಿ. ಈಗ ಕಾಲು ಕಟ್ಟು, ಮೆಟ್ಲು ಇಳೀಬೇಕು."

ಅವನು ಹೊಸ ಬಟ್ಟೆಯ ತುಂಡು ಹರಿದು, ಮಂದ ಬೆಳಕಿನಲ್ಲಿ ತಡವರಿಸುತ್ತ ಸುತ್ತಿದ. ಗಂಟು ಹಾಕುವ ಮೊದಲು ತಲೆ ಎತ್ತದೆ ಕೇಳಿದ. "ಬಿಗಿ ಆಯ್ತಾ?"

"ನನ್ನ ಕೇಳಿದ್ರೆ? ನಂಗೆಲ್ಲಿ ಗೊತ್ತಾಗುತ್ತೆ?" ಎಂದಳು ಅಕ್ಕ. "ಅಂದಾಜಲ್ಲಿ ಕಟ್ಬೇಡ. ದೀಪ ಹಾಕು, ನೋಡಿ ಕಟ್ಟು."

ಅವನು ಅವಳ ಪಾದವನ್ನು ಮೆಲ್ಲಗೆ ಕೆಳಗಿಟ್ಟು, ಎದ್ದು ದೀಪ ಹಾಕಿದ. ಹಾಕಿ, ಸುತ್ತಿದ್ದನ್ನು ಬಿಚ್ಚಿ, ಮೊದಲಿಂದ ಸುತ್ತತೊಡಗಿದ.